ಇಪ್ಪತ್ತು ಮಿಲಿಗ್ರಾಂನ ಲೆಕ್ಕ

ಕಡಲೆಕಾಳಿನಷ್ಟು ಗಾತ್ರದ ಕ್ಯಾನ್ಸರ್ ಗಂಟಿನಲ್ಲಿ ಸುಮಾರು 100 ಕೋಟಿ ಜೀವಕೋಶಗಳಿರುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ 30 ಸಲ ಇಮ್ಮಡಿಸಿದರೆ ಸಾಕು, ಅಷ್ಟಾಗಿಬಿಡುತ್ತದೆ. ಅವನ್ನು ಹುಡುಕಿ ಕೊಲ್ಲುವ ಟಿ ಕೋಶಗಳೇನು ಕಡಿಮೆಯೇ? ನಮ್ಮ ಮೈಯಲ್ಲಿ ಹತ್ತಿರ ಹತ್ತಿರ 40 ಸಾವಿರ ಕೋಟಿ! ಗಂಟಿನ ಒಂದೊಂದು ಕೋಶಕ್ಕೂ 400 ಟಿ ಕೋಶ. ಆದರೂ ಗಂಟು ಬೆಳೆಯುತ್ತದೆ.

ಎಷ್ಟೋ ಸಲ ಇದರ ಹಿಂದಿರುವುದು ಬರೀ 288 ಅಮೈನೊ ಆಮ್ಲಗಳ ಒಂದು ಪ್ರೋಟೀನು, ಪಿಡಿ-1. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ತಸುಕು ಹೊಂಜೊ ಅವರ ಪ್ರಯೋಗಾಲಯ 1992ರಲ್ಲಿ ಇದನ್ನು ಗುರುತಿಸಿತು. ಟಿ ಕೋಶದ ಮೈಮೇಲಿರುವ ಬ್ರೇಕು ಇದು.

ಟಿ ಕೋಶ ಕ್ಯಾನ್ಸರ್ ಕೋಶಕ್ಕೆ ಒತ್ತಿಕೊಂಡು ನಿಂತಾಗ ನಡುವೆ ಉಳಿಯುವ ಸಂದು, ಒಂದು ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ, ಸುಮಾರು ಒಂದೂವರೆ ಭಾಗ. ಅಲ್ಲಿ ನಡೆಯುವುದನ್ನು ನೋಡಿ. ದಾಳಿಗಿಳಿದ ಟಿ ಕೋಶ ಇಂಟರ್‌ಫೆರಾನ್-ಗಾಮಾ ಎಂಬ ರಾಸಾಯನಿಕವನ್ನು ಸುರಿಸುತ್ತದೆ. ಅದು ತಗುಲಿದ ಕ್ಯಾನ್ಸರ್ ಕೋಶ ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೆಚ್ಚಿಸಿಕೊಳ್ಳುತ್ತದೆ. ಪಿಡಿ-ಎಲ್1 ಹೋಗಿ ಪಿಡಿ-1ಕ್ಕೆ ಅಂಟಿದರೆ ಟಿ ಕೋಶದೊಳಗಿನ ದಾಳಿಯ ಸಂಕೇತವೇ ಅಳಿಸಿಹೋಗುತ್ತದೆ. ಹೊಡೆಯಲು ಹೋದದ್ದೇ ಶತ್ರುವಿನ ಕೈಗೆ ಗುರಾಣಿ ಕೊಟ್ಟಂತಾಯಿತು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಕ್ರೂರವಾಗಿ ಕಾಣುವುದು ಇದೇ.

ಹಾಗೆಂದು ಬ್ರೇಕೇ ಬೇಡ ಎನ್ನುವಂತಿಲ್ಲ. ಸಿಟಿಎಲ್ಎ-4 ಎಂಬ ಇನ್ನೊಂದು ಬ್ರೇಕಿಲ್ಲದೆ ಹುಟ್ಟಿದ ಇಲಿಗಳು ಮೂರ್ನಾಲ್ಕು ವಾರಗಳಲ್ಲೇ ಸತ್ತವು. ಅವುಗಳ ಟಿ ಕೋಶಗಳು ಸ್ವಂತ ಅಂಗಾಂಗಗಳ ಮೇಲೇ ಮುಗಿಬಿದ್ದಿದ್ದವು. ಅದೇ ಸಿಟಿಎಲ್ಎ-4 ಅನ್ನು ಪ್ರತಿಕಾಯದಿಂದ ತಡೆದು ಅಮೆರಿಕದ ಜೇಮ್ಸ್ ಅಲಿಸನ್ ಇಲಿಗಳ ಗಂಟುಗಳನ್ನು ಕರಗಿಸಿದರು. 2018ರ ನೊಬೆಲ್ ಅಲಿಸನ್ ಮತ್ತು ಹೊಂಜೊ ಇಬ್ಬರಿಗೂ ಬಂತು. ದೇಹದೆಲ್ಲೆಡೆ ಹರಡಿದ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಹಿಂದೆ ಹೆಚ್ಚಿನವರು ವರ್ಷದೊಳಗೇ ತೀರಿಕೊಳ್ಳುತ್ತಿದ್ದರು. ಎರಡೂ ಬ್ರೇಕುಗಳನ್ನು ತಡೆಯುವ ಔಷಧಗಳನ್ನು ಒಟ್ಟಿಗೆ ಪಡೆದವರಲ್ಲಿ ಹತ್ತು ವರ್ಷದ ನಂತರವೂ ಶೇ. 43 ಮಂದಿ ಬದುಕಿದ್ದರು.

ಆದರೆ ಬೆಲೆ? ಪಿಡಿ-1 ತಡೆಯುವ ನಿವೊಲುಮ್ಯಾಬ್‌ನ ರೂಢಿಯ ಡೋಸ್ ಎರಡು ವಾರಕ್ಕೆ 240 ಮಿಲಿಗ್ರಾಂ. ನಮ್ಮಲ್ಲಿ ಬಹುಪಾಲು ರೋಗಿಗಳು ಅದರ ಹತ್ತಿರವೂ ಸುಳಿಯಲಾರರು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ವಾಸಿಯಾಗುವ ಹಂತ ದಾಟಿದ ತಲೆ-ಕುತ್ತಿಗೆ ಕ್ಯಾನ್ಸರಿಗೆ, ಮಾಮೂಲಿ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಮಾತ್ರೆ ಮಾತ್ರ ಪಡೆದವರಲ್ಲಿ ವರ್ಷ ದಾಟಿದವರು ಶೇ. 16.3, ಇದನ್ನೂ ಪಡೆದವರಲ್ಲಿ ಶೇ. 43.4!

ಅಷ್ಟು ಸಾಕಾದೀತೇ ಎಂದು ಅನುಮಾನವಾದರೆ ಲೆಕ್ಕ ಹಾಕಿ. 20 ಮಿಲಿಗ್ರಾಂನಲ್ಲಿ ಇರುವ ಅಣುಗಳನ್ನು ಮೈಯ ಎಲ್ಲ ಟಿ ಕೋಶಗಳಿಗೆ ಸಮನಾಗಿ ಹಂಚಿದರೂ ಒಂದೊಂದಕ್ಕೆ ಸುಮಾರು ಎರಡು ಲಕ್ಷ ಅಣು ಸಿಗುತ್ತವೆ.

ಬಾಯಿ, ಗಂಟಲ ಕ್ಯಾನ್ಸರ್ ಕೈಮೀರಿ, ಇಮ್ಯುನೊಥೆರಪಿ ಎಂಬ ಈ ಬ್ರೇಕು ತಡೆಯುವ ಚಿಕಿತ್ಸೆ ನಮ್ಮಂಥವರಿಗಲ್ಲ ಎಂದು ಕೈಚೆಲ್ಲಿದವರು ನಿಮ್ಮ ಬಳಗದಲ್ಲಿದ್ದರೆ, ಈ ಕಡಿಮೆ ಡೋಸ್ ಬಗ್ಗೆ ಕ್ಯಾನ್ಸರ್ ತಜ್ಞರನ್ನು ಒಮ್ಮೆ ಕೇಳಲು ಹೇಳಿ.