ಮಕ್ಕಳ ಕಾಲೇಜು ವಿದ್ಯೆಗೆ ಧನಸಹಾಯ: ಗೃಹಸ್ಥರು ತಿಳಿಯತಕ್ಕ ಕೆಲವು ಸಂಗತಿಗಳು

ವಿದ್ಯೆಯು ಎಲ್ಲ ಧನಗಳಲ್ಲಿಯೂ ಶ್ರೇಷ್ಠವಾದುದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಆದರೆ ಆ ಧನವನ್ನು ಸಂಪಾದಿಸುವುದಕ್ಕೆ ಮೊದಲು ಬೇರೆಯ ಧನವು ಕೈಯಲ್ಲಿರಬೇಕೆಂಬುದು ಮಕ್ಕಳನ್ನು ಕಾಲೇಜಿಗೆ ಕಳುಹಿಸಿದ ಪ್ರತಿಯೊಬ್ಬ ಗೃಹಸ್ಥನ ಅನುಭವಕ್ಕೂ ಬಂದಿರುವ ವಿಷಯ. ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದರೆ ಮನೆಯಲ್ಲಿ ಸಂತೋಷವು ಒಂದು ದಿನ ನಿಲ್ಲುತ್ತದೆ. ಮರುದಿನವೇ ಶುಲ್ಕದ ಚಿಂತೆಯು ಬಾಗಿಲಿಗೆ ಬರುತ್ತದೆ. ಆ ಚಿಂತೆಯಲ್ಲಿ ಕೆಲವರು ಮಗಳ ವಿದ್ಯೆಯನ್ನು ಅಲ್ಲಿಗೇ ನಿಲ್ಲಿಸುವರು. ಕೆಲವರು ಹೊಲವನ್ನು ಮಾರುವರು. ಮತ್ತೆ ಕೆಲವರು ತಿಂಗಳಿಗೆ ನೂರಕ್ಕೆ ಮೂರರಂತೆ ಬಡ್ಡಿಗೆ ಕೈಸಾಲವನ್ನು ತರುವರು. ಈ ಮೂರು ದಾರಿಗಳಲ್ಲದೆ ನಾಲ್ಕನೆಯ ದಾರಿಯೊಂದುಂಟೆಂಬುದು ಇವರಲ್ಲಿ ಬಹುಮಂದಿಗೆ ತಿಳಿದಿರುವುದಿಲ್ಲ. ಅದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಸಂಕೋಚದ ಮಾತನ್ನು ಹೇಳಿ ಮುಗಿಸೋಣ. ಮಾನವಂತರಾದ ಅನೇಕ ತಾಯ್ತಂದೆಗಳು, ‘ಮಕ್ಕಳ ಓದಿಗೆ ಪರರ ಮುಂದೆ ಕೈಯೊಡ್ಡುವುದೇ?’ ಎಂದು ಹಿಂಜರಿಯುವರು. ಈ ಹಿಂಜರಿಕೆಗೆ ಕಾರಣವಿಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ದೊರೆತ ಕ್ರಿ.ಶ. ೯೪೫ರ ಶಾಸನವನ್ನು ನೋಡಿರಿ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ವಿದ್ಯಾಶಾಲೆಯೊಂದನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕಾಗಿ ೨೭ ಮನೆಗಳಿದ್ದುವು. ಅವರ ಪೋಷಣೆಗೆ ಭೂಮಿಯು ದತ್ತಿಯಾಗಿದ್ದಿತು. ಅಷ್ಟೇ ಅಲ್ಲ, ಊರಿನ ಬ್ರಾಹ್ಮಣರು ತಮ್ಮ ಮನೆಯಲ್ಲಿ ವಿವಾಹವಾದಾಗ ಐದು ನಾಣ್ಯಗಳನ್ನೂ, ಉಪನಯನವಾದಾಗ ಅದರ ಅರ್ಧವನ್ನೂ, ಚೌಲವಾದಾಗ ಅದರ ಅರ್ಧವನ್ನೂ ಆ ಶಾಲೆಗೆ ಕೊಡಬೇಕೆಂದು ಕಟ್ಟುಪಾಡಾಗಿದ್ದಿತು. ಇದಾದ ಮೇಲೆ ವಾರಾನ್ನದ ಪದ್ಧತಿಯು ಬಂದಿತು. ಮಠಗಳ ಉಚಿತ ವಿದ್ಯಾರ್ಥಿನಿಲಯಗಳು ಬಂದುವು. ಹಿಂದಿನ ಇಂಥ ಏರ್ಪಾಡುಗಳಲ್ಲಿ ಅನೇಕವು ಕೆಲವು ಜಾತಿಗಳವರಿಗೆ ಮಾತ್ರ ದೊರಕುತ್ತಿದ್ದುವೆಂಬುದು ನಿಜ. ಆದರೆ ಬಾಗಿಲು ತೆರೆದ ಕಡೆ ಅದರ ಫಲವೇನೆಂಬುದನ್ನು ಲೋಕವು ಕಂಡಿದೆ. ಬರೋಡದ ಸಯಾಜಿರಾವ್ ಗಾಯಕವಾಡ ಮಹಾರಾಜರ ಸಂಸ್ಥಾನವು ೧೯೧೩ರಲ್ಲಿ ಕೊಟ್ಟ, ತಿಂಗಳಿಗೆ ಹನ್ನೊಂದೂವರೆ ಪೌಂಡುಗಳ ವಿದ್ಯಾರ್ಥಿವೇತನದಿಂದಲೇ ಡಾ. ಬಿ. ಆರ್. ಅಂಬೇಡ್ಕರರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಮೂರು ವರ್ಷ ವ್ಯಾಸಂಗ ಮಾಡಿದರು. ಆದುದರಿಂದ ವಿದ್ಯಾರ್ಥಿಯು ಪಡೆಯುವ ಸಹಾಯವು ಭಿಕ್ಷೆಯಲ್ಲ. ಅದು ಸಮಾಜವು ತನ್ನ ನಾಳೆಗಾಗಿ ಬಿತ್ತುವ ಬೀಜ.

ಇನ್ನು ಸಹಾಯದ ಸ್ವರೂಪವನ್ನು ತಿಳಿಯೋಣ. ಅದು ನಾಲ್ಕು ವಿಧ. ಮೊದಲನೆಯದು ಶುಲ್ಕವಿನಾಯಿತಿ, ಎಂದರೆ ಕಟ್ಟಬೇಕಾದುದನ್ನೇ ಕಡಿಮೆ ಮಾಡುವುದು. ಎರಡನೆಯದು ವಿದ್ಯಾರ್ಥಿವೇತನ, ಎಂದರೆ ವಿದ್ಯಾರ್ಥಿಯ ಲೆಕ್ಕಕ್ಕೆ ಹಣ ಬರುವುದು. ಮೂರನೆಯದು ವಸತಿ ಮತ್ತು ಭೋಜನ. ನಾಲ್ಕನೆಯದು ಬ್ಯಾಂಕಿನ ವಿದ್ಯಾಸಾಲ. ಮೊದಲ ಮೂರನ್ನು ತಿರುಗಿ ಕೊಡಬೇಕಾದುದಿಲ್ಲ. ನಾಲ್ಕನೆಯದನ್ನು ಬಡ್ಡಿಸಮೇತ ಕೊಡಬೇಕು. ಈ ಭೇದವು ಅತಿ ಸುಲಭವಾದುದು; ಆದರೂ ಗೃಹಸ್ಥರು ತಪ್ಪುವುದು ಇಲ್ಲಿಯೇ. ಅವರು ನಾಲ್ಕನೆಯದರಿಂದ ಪ್ರಾರಂಭಿಸುವರು. ಮೊದಲ ಮೂರನ್ನು ವಿಚಾರಿಸುವ ವೇಳೆಗೆ ಅರ್ಜಿಯ ಅವಧಿಯು ಕಳೆದಿರುತ್ತದೆ. ಹಾಗಲ್ಲ, ತಿರುಗಿ ಕೊಡಬೇಕಿಲ್ಲದ್ದನ್ನೆಲ್ಲ ಮೊದಲು ಹುಡುಕಿ, ಅದರಿಂದ ತುಂಬದೆ ಉಳಿದ ಭಾಗಕ್ಕೆ ಮಾತ್ರ ಸಾಲವನ್ನು ಮಾಡತಕ್ಕದ್ದು. ಈ ಲೇಖನದ ಸಾರವೆಲ್ಲವೂ ಇಷ್ಟೇ.

ಇದಕ್ಕೆ ಪೂರ್ವಭಾವಿಯಾಗಿ ಒಂದು ಲೆಕ್ಕವನ್ನು ಬರೆಯಬೇಕು. ಕಾಲೇಜಿನವರು ಹೇಳುವ ಮೊದಲ ವರ್ಷದ ಬೋಧನಾಶುಲ್ಕವೊಂದೇ ವೆಚ್ಚವಲ್ಲ. ಪರೀಕ್ಷಾಶುಲ್ಕ, ಪುಸ್ತಕ, ವಿದ್ಯಾರ್ಥಿನಿಲಯ, ಊಟ, ಬಸ್ಸಿನ ಪ್ರಯಾಣ, ಬಟ್ಟೆ ಇವೆಲ್ಲವನ್ನೂ ಸೇರಿಸಿ, ವ್ಯಾಸಂಗವು ಮುಗಿಯುವವರೆಗಿನ ಎಲ್ಲ ವರ್ಷಗಳಿಗೂ ಒಂದು ಕಾಗದದಲ್ಲಿ ಬರೆಯಿರಿ. ಅದರ ಎದುರಿನಲ್ಲಿ ಮನೆಯಿಂದ ನಿಶ್ಚಯವಾಗಿ ಕೊಡಬಲ್ಲುದನ್ನು ಬರೆಯಿರಿ. ಎರಡರ ಅಂತರವೇ ನೀವು ಹುಡುಕಬೇಕಾದ ಮೊತ್ತ. ಈ ಲೆಕ್ಕಕ್ಕೆ ಮಗನನ್ನಾಗಲಿ ಮಗಳನ್ನಾಗಲಿ ಜೊತೆಯಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು. ಮನೆಯ ಸ್ಥಿತಿಯನ್ನು ಅರಿತ ಮಕ್ಕಳು ಹಣದ ವಿಷಯದಲ್ಲಿ ಸಾಮಾನ್ಯವಾಗಿ ನಮಗಿಂತಲೂ ಹೆಚ್ಚು ವಿವೇಕವನ್ನು ತೋರಿಸುವರು.

ಶುಲ್ಕವಿನಾಯಿತಿಯಲ್ಲಿ ಗೃಹಸ್ಥರಿಗೆ ಅಷ್ಟಾಗಿ ತಿಳಿಯದ ಒಂದು ಏರ್ಪಾಡುಂಟು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ನಿಯಮದಂತೆ ಎಂಜಿನಿಯರಿಂಗ್ ಮೊದಲಾದ ತರಗತಿಗಳಲ್ಲಿ ನಿಗದಿಯಾದ ಸ್ಥಾನಗಳ ಮೇಲೆ ನೂರಕ್ಕೆ ೫ರಷ್ಟು ಹೆಚ್ಚಿನ ಸ್ಥಾನಗಳಿರುವುವು. ಕುಟುಂಬದ ವಾರ್ಷಿಕ ಆದಾಯವು ೮ ಲಕ್ಷ ರೂಪಾಯಿಗಳಿಗೆ ಮೀರದ ಪ್ರತಿಭಾವಂತರಿಗೆ ಇವು ದೊರೆಯುವುವು. ಇವರು ಬೋಧನಾಶುಲ್ಕವನ್ನು ಕೊಡಬೇಕಾಗಿಲ್ಲ, ಇತರ ಶುಲ್ಕಗಳನ್ನು ಮಾತ್ರ ಕೊಡಬೇಕು. ನಮ್ಮ ರಾಜ್ಯದಲ್ಲಿ ಇವನ್ನು ಎಸ್.ಎನ್.ಕ್ಯೂ. ಸ್ಥಾನಗಳೆಂದು ಕರೆಯುವರು. ಸಿ.ಇ.ಟಿ. ಅರ್ಜಿಯಲ್ಲಿ ಆದಾಯದ ವಿವರವನ್ನು ಸರಿಯಾಗಿ ತುಂಬಿದ್ದರೆ ಮಾತ್ರ ಈ ಸೌಲಭ್ಯವನ್ನು ಕೇಳುವ ಅವಕಾಶವಿರುತ್ತದೆ.

ವಿದ್ಯಾರ್ಥಿವೇತನಗಳಲ್ಲಿ ಕೇಂದ್ರ ಸರಕಾರದವು ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕವೂ, ಕರ್ನಾಟಕ ಸರಕಾರದವು ಎಸ್.ಎಸ್.ಪಿ. ಎಂಬ ಜಾಲತಾಣದ ಮೂಲಕವೂ ನಡೆಯುವುವು. ಪಿ.ಯು.ಸಿ. ಪರೀಕ್ಷೆಯಲ್ಲಿ ತಮ್ಮ ಮಂಡಳಿಯ ವಿದ್ಯಾರ್ಥಿಗಳ ಪೈಕಿ ಮೊದಲ ನೂರಕ್ಕೆ ಇಪ್ಪತ್ತರೊಳಗೆ ಬಂದು, ಕುಟುಂಬದ ಆದಾಯವು ೪.೫ ಲಕ್ಷಕ್ಕೆ ಮೀರದವರಿಗೆ ಕೇಂದ್ರದ ಒಂದು ವೇತನವುಂಟು: ಪದವಿ ತರಗತಿಯಲ್ಲಿ ವರ್ಷಕ್ಕೆ ೧೨,೦೦೦ ರೂಪಾಯಿ, ಸ್ನಾತಕೋತ್ತರದಲ್ಲಿ ೨೦,೦೦೦ ರೂಪಾಯಿ. ತಾಂತ್ರಿಕ ಪದವಿ ಅಥವಾ ಡಿಪ್ಲೊಮಾ ಓದುವ ಹೆಣ್ಣುಮಕ್ಕಳಿಗೆ ‘ಪ್ರಗತಿ’ ಎಂಬ ಯೋಜನೆಯಲ್ಲಿ ವರ್ಷಕ್ಕೆ ೫೦,೦೦೦ ರೂಪಾಯಿ ದೊರೆಯಬಹುದು. ಆದಾಯಮಿತಿಯು ೮ ಲಕ್ಷ, ಒಂದು ಮನೆಯಿಂದ ಇಬ್ಬರಿಗೆ ಅವಕಾಶ. ಅಂಗವಿಕಲ ವಿದ್ಯಾರ್ಥಿಗಳಿಗೆ ಇದರಂತೆಯೇ ‘ಸಕ್ಷಮ್’ ಎಂಬುದಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವೇತನ, ಶುಲ್ಕ ಮರುಪಾವತಿ ಹಾಗೂ ವಿದ್ಯಾರ್ಥಿನಿಲಯಗಳು ಆಯಾ ಇಲಾಖೆಗಳಿಗೆ ಸೇರಿದುವು. ನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟವಸತಿಗಾಗಿ ‘ವಿದ್ಯಾಸಿರಿ’ ಎಂಬ ಸಹಾಯಧನವಿದೆ. ಖಾಸಗಿ ದತ್ತಿಗಳ ಪೈಕಿ, ಸರಕಾರಿ ಶಾಲೆ ಕಾಲೇಜುಗಳಲ್ಲಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಮುಗಿಸಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಂಜಿ ಪ್ರತಿಷ್ಠಾನವು ವರ್ಷಕ್ಕೆ ೩೦,೦೦೦ ರೂಪಾಯಿಗಳನ್ನು ಕೊಡುತ್ತಿರುವುದು ಸ್ಮರಣೀಯವಾದುದು.

ಇಲ್ಲಿ ಎರಡು ಎಚ್ಚರಿಕೆಗಳು. ಒಂದೇ ಕಾಲದಲ್ಲಿ ಎರಡು ವೇತನಗಳನ್ನು ಪಡೆಯಬಾರದೆಂಬ ನಿಯಮವು ಅನೇಕ ಯೋಜನೆಗಳಲ್ಲಿದೆ; ಆದುದರಿಂದ ಹೆಚ್ಚು ಪ್ರಯೋಜನಕರವಾದುದನ್ನು ವಿಚಾರಿಸಿ ಆರಿಸಿಕೊಳ್ಳಬೇಕು. ಎರಡನೆಯದಾಗಿ, ಒಮ್ಮೆ ಬಂದ ವೇತನವು ತಾನಾಗಿಯೇ ಮುಂದುವರಿಯುವುದಿಲ್ಲ. ಮೇಲೆ ಹೇಳಿದ ಕೇಂದ್ರದ ವೇತನವು ಮುಂದಿನ ವರ್ಷಕ್ಕೂ ದೊರೆಯಬೇಕಾದರೆ ನೂರಕ್ಕೆ ೫೦ ಅಂಕಗಳೂ ೭೫ ಹಾಜರಿಯೂ ಇರಬೇಕು; ನವೀಕರಣದ ಅರ್ಜಿಯನ್ನು ಪ್ರತಿ ವರ್ಷವೂ ಸಲ್ಲಿಸಬೇಕು.

ಇವನ್ನು ಅರಿಯದಿದ್ದರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನವನ್ನು ಹೇಳುವೆವು. ನಮ್ಮ ಪರಿಚಯದ ರೈತರೊಬ್ಬರು ಕಾಲೇಜಿನ ಪ್ರವೇಶದ ದಿನಗಳಲ್ಲಿ ನಮ್ಮಲ್ಲಿಗೆ ಬಂದು, “ಮೇಷ್ಟ್ರೇ, ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಒಂದೆಕರೆ ಮಾರಿದರೆ ಅವಳು ಓದುತ್ತಾಳೆ, ತಮ್ಮನಿಗೆ ಭೂಮಿ ಇರೋದಿಲ್ಲ. ಮಾರದಿದ್ದರೆ ಅವಳನ್ನ ಬಿಡಿಸಬೇಕು. ನೀವೇ ಹೇಳಿ” ಎಂದರು. ನಾವು, “ಸ್ವಾಮಿ, ಆದಾಯದ ಪತ್ರ ಮಾಡಿಸಿದ್ದೀರಾ?” ಎಂದು ಕೇಳಿದೆವು. “ಅದು ಯಾತಕ್ಕೆ? ನಾವೇನು ಕಡುಬಡವರೆ?” ಎಂಬುದು ಅವರ ಉತ್ತರವಾಗಿದ್ದಿತು. ಆ ಮಹಾಶಯರು ತಮ್ಮನ್ನು ಬಡವರೆಂದು ತಿಳಿದಿರಲಿಲ್ಲ, ಶ್ರೀಮಂತರೂ ಆಗಿರಲಿಲ್ಲ. ನಮ್ಮ ದೇಶದ ಬಹುಮಂದಿ ಗೃಹಸ್ಥರ ಸ್ಥಿತಿ ಇದೇ. ೮ ಲಕ್ಷದ ಮಿತಿಯು ಕೇವಲ ದರಿದ್ರರಿಗಾಗಿ ಇಟ್ಟುದಲ್ಲ, ಇಂಥ ಮಧ್ಯಮರಿಗೂ ಸಲ್ಲುವುದೆಂದು ತಿಳಿಸಿ, ನಾವು ಅವರನ್ನು ನಾಡಕಚೇರಿಗೆ ಕಳುಹಿಸಿದೆವು. ಆ ವರ್ಷ ಎಕರೆ ಮಾರಾಟವಾಗಲಿಲ್ಲ. ಹುಡುಗಿಯು ಕಾಲೇಜಿಗೆ ಸೇರಿದಳು.

ಆದುದರಿಂದ ಕಾಗದಪತ್ರಗಳ ವಿಷಯದಲ್ಲಿ ಉದಾಸೀನವು ಸಲ್ಲದು. ಫಲಿತಾಂಶಕ್ಕೆ ಕಾಯದೆ, ಮಕ್ಕಳು ದ್ವಿತೀಯ ಪಿ.ಯು.ಸಿ.ಯಲ್ಲಿರುವಾಗಲೇ ನಾಡಕಚೇರಿಯಿಂದ ಆದಾಯ ಮತ್ತು ಜಾತಿ ಪ್ರಮಾಣಪತ್ರಗಳನ್ನು ಪಡೆದಿಡಬೇಕು. ಅವುಗಳ ಮೇಲಿರುವ ಆರ್.ಡಿ. ಸಂಖ್ಯೆಯನ್ನೇ ಅರ್ಜಿಯಲ್ಲಿ ಕೇಳುವರು. ಅಂಕಪಟ್ಟಿ, ಆಧಾರ್ ಮತ್ತು ಬ್ಯಾಂಕಿನ ಲೆಕ್ಕ ಈ ಮೂರರಲ್ಲಿಯೂ ಹೆಸರು ಒಂದೇ ರೀತಿಯಲ್ಲಿರಬೇಕು. ಒಂದು ಅಕ್ಷರದ ವ್ಯತ್ಯಾಸದಿಂದ ಅರ್ಜಿಯು ನಿಲ್ಲಬಹುದು. ವಿದ್ಯಾರ್ಥಿಯ ಹೆಸರಿನಲ್ಲಿಯೇ ಲೆಕ್ಕವಿದ್ದು, ಅದು ಆಧಾರಿಗೆ ಜೋಡಣೆಯಾಗಿರಬೇಕು. ಎರಡು ಬ್ಯಾಂಕುಗಳಲ್ಲಿ ಲೆಕ್ಕವಿದ್ದರೆ, ಆಧಾರಿಗೆ ಕಡೆಯದಾಗಿ ಜೋಡಿಸಿದ ಲೆಕ್ಕಕ್ಕೆ ಹಣವು ಹೋಗುತ್ತದೆ. ‘ಹಣ ಬರಲಿಲ್ಲ’ ಎಂದು ದುಃಖಿಸುವವರಲ್ಲಿ ಕೆಲವರ ಹಣವು ಮರೆತ ಲೆಕ್ಕವೊಂದರಲ್ಲಿ ಕುಳಿತಿರುತ್ತದೆ. ಸರಕಾರದ ಈ ಜಾಲತಾಣಗಳಲ್ಲಿ ಅರ್ಜಿಗೆ ಶುಲ್ಕವಿಲ್ಲ. ವೇತನವನ್ನು ಕೊಡಿಸುವೆವೆಂದು ಹಣವನ್ನಾಗಲಿ, ಫೋನಿಗೆ ಬಂದ ಓ.ಟಿ.ಪಿ. ಸಂಖ್ಯೆಯನ್ನಾಗಲಿ ಕೇಳುವವರು ಮೋಸಗಾರರೆಂದೇ ತಿಳಿಯತಕ್ಕದ್ದು.

ಇಷ್ಟೆಲ್ಲ ಮಾಡಿದ ಮೇಲೂ ಕೊರತೆಯು ಉಳಿದರೆ ವಿದ್ಯಾಸಾಲವನ್ನು ಯೋಚಿಸಬೇಕು. ಸಾಲವೆಂದೊಡನೆ ಬೆಚ್ಚಬೇಕಾದುದಿಲ್ಲ, ಕೈಸಾಲಕ್ಕೂ ಇದಕ್ಕೂ ಬಹಳ ಅಂತರವಿದೆ. ೪ ಲಕ್ಷ ರೂಪಾಯಿಗಳವರೆಗಿನ ವಿದ್ಯಾಸಾಲಕ್ಕೆ ಬ್ಯಾಂಕಿನವರು ಆಸ್ತಿಯ ಅಡಮಾನವನ್ನು ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ, ೭.೫ ಲಕ್ಷದವರೆಗಿನ ಸಾಲಗಳಿಗೆ ಕೇಂದ್ರ ಸರಕಾರದ ಖಾತರಿ ನಿಧಿಯ ಆಸರೆಯಿದೆ. ಸಾಲದ ಶುಲ್ಕಭಾಗವು ನೇರವಾಗಿ ಕಾಲೇಜಿಗೆ ಸಂದಾಯವಾಗುವುದು. ವ್ಯಾಸಂಗದ ಕಾಲವೂ ಅದರ ಮೇಲೆ ಸಾಮಾನ್ಯವಾಗಿ ಒಂದು ವರ್ಷವೂ ಕಂತು ಕಟ್ಟಬೇಕಾಗಿಲ್ಲ. ಆಮೇಲೆ ೧೫ ವರ್ಷಗಳವರೆಗೆ ಕಂತುಗಳನ್ನು ಹಂಚಿಕೊಳ್ಳಬಹುದು. ಸಾಲಗಾರನು ವಿದ್ಯಾರ್ಥಿಯೇ, ತಂದೆ ಅಥವಾ ತಾಯಿಯು ಜೊತೆಸಾಲಗಾರರಾಗಿ ಸಹಿ ಮಾಡಬೇಕು. ಸಹಿಯೆಂಬುದು ಸಾಕ್ಷಿಯಲ್ಲ, ಹೊಣೆ ಎಂಬುದನ್ನು ಮರೆಯಬಾರದು.

ಆದರೆ ‘ಕಂತು ಕಟ್ಟಬೇಕಾಗಿಲ್ಲ’ ಎಂದರೆ ‘ಬಡ್ಡಿ ಬೆಳೆಯುವುದಿಲ್ಲ’ ಎಂದರ್ಥವಲ್ಲ. ಒಂದು ಲೆಕ್ಕವನ್ನು ಮಾಡಿ ನೋಡೋಣ. ನಾಲ್ಕು ವರ್ಷಗಳ ವ್ಯಾಸಂಗಕ್ಕೆ ಪ್ರತಿ ವರ್ಷದ ಆದಿಯಲ್ಲಿ ೧ ಲಕ್ಷದಂತೆ ೪ ಲಕ್ಷ ಸಾಲವಾಯಿತೆಂದೂ, ಸರಳಬಡ್ಡಿಯು ವರ್ಷಕ್ಕೆ ನೂರಕ್ಕೆ ೧೦ ಎಂದೂ ಇಟ್ಟುಕೊಳ್ಳಿರಿ. ಕಂತು ಪ್ರಾರಂಭವಾಗುವ ಐದು ವರ್ಷಗಳ ಕೊನೆಗೆ ಮೊದಲ ಲಕ್ಷಕ್ಕೆ ಐದು ವರ್ಷದ, ಎರಡನೆಯದಕ್ಕೆ ನಾಲ್ಕರ, ಮೂರನೆಯದಕ್ಕೆ ಮೂರರ, ನಾಲ್ಕನೆಯದಕ್ಕೆ ಎರಡು ವರ್ಷದ ಬಡ್ಡಿ ಸೇರಿ ೧,೪೦,೦೦೦ ರೂಪಾಯಿ ಆಗುವುದು. ಅಸಲು ೫,೪೦,೦೦೦ ಆಯಿತು. ಇದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು ೭,೧೩೬ ರೂಪಾಯಿ ಬೇಕು. ಮೊದಲೇ ಬಡ್ಡಿಯನ್ನಷ್ಟು ಕಟ್ಟುತ್ತ ಬಂದಿದ್ದರೆ ಸುಮಾರು ೫,೨೮೬ ರೂಪಾಯಿ ಸಾಕು. ಹತ್ತು ವರ್ಷಕ್ಕೆ ವ್ಯತ್ಯಾಸವು ೨,೨೨,೦೦೦ ರೂಪಾಯಿ! ಓದುವ ಕಾಲದಲ್ಲಿ ಕಟ್ಟಿದ ೧,೪೦,೦೦೦ವನ್ನು ಕಳೆದರೂ ಉಳಿತಾಯವು ೮೨,೦೦೦. ಶಕ್ತಿಯಿದ್ದವರು ಆಗಾಗ್ಗೆ ಬಡ್ಡಿಯನ್ನು ಕಟ್ಟುತ್ತಿರುವುದು ಲೇಸೆಂಬುದಕ್ಕೆ ಇದೇ ಪ್ರಮಾಣ.

ಶಕ್ತಿಯಿಲ್ಲದವರಿಗೆ ಸರಕಾರದ ಬಡ್ಡಿಸಹಾಯವುಂಟು. ಕುಟುಂಬದ ಆದಾಯವು ೪.೫ ಲಕ್ಷದೊಳಗಿದ್ದು, ಮಾನ್ಯವಾದ ಸಂಸ್ಥೆಗಳಲ್ಲಿ ವೃತ್ತಿಪರ ಅಥವಾ ತಾಂತ್ರಿಕ ವ್ಯಾಸಂಗ ಮಾಡುವವರ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರವೇ ವಹಿಸುವ ಯೋಜನೆಯು ೨೦೦೯ರಿಂದ ನಡೆದುಬಂದಿದೆ. ೨೦೨೪ರ ನವೆಂಬರಿನಲ್ಲಿ ಅಂಗೀಕೃತವಾದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ೮ ಲಕ್ಷದವರೆಗೆ ಆದಾಯವುಳ್ಳವರಿಗೆ ೧೦ ಲಕ್ಷದವರೆಗಿನ ಸಾಲಕ್ಕೆ ನೂರಕ್ಕೆ ೩ರಷ್ಟು ಬಡ್ಡಿಯ ರಿಯಾಯಿತಿಯಿದೆ. ಇದು ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಮಾತ್ರ. ಪ್ರಾರಂಭದಲ್ಲಿ ಆ ಪಟ್ಟಿಯಲ್ಲಿ ೮೬೦ ಸಂಸ್ಥೆಗಳಿದ್ದುವು. ಕಾಲೇಜನ್ನು ಆರಿಸುವ ಮೊದಲೇ ಪಟ್ಟಿಯನ್ನು ನೋಡುವುದು ಜಾಣತನ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ವಿದ್ಯಾಸಾಲದ ಬಡ್ಡಿಯ ಮೇಲೆ ಎಂಟು ವರ್ಷಗಳವರೆಗೆ ವಿನಾಯಿತಿಯೂ ಇದೆ.

ಸಾಲದ ಪ್ರಮಾಣಕ್ಕೆ ಮಿತಿಯೇನು? ವಿದ್ಯೆ ಮುಗಿದ ಮೇಲೆ ಆ ವೃತ್ತಿಯಲ್ಲಿ ಹೊಸಬರಿಗೆ ದೊರೆಯುವ ಸಂಬಳವೆಷ್ಟೆಂದು, ಕಾಲೇಜಿನ ಪ್ರಕಟನೆಗಳನ್ನು ನಂಬದೆ, ಅಲ್ಲಿ ಓದಿ ಹೊರಬಂದವರನ್ನೇ ವಿಚಾರಿಸಿರಿ. ಕಂತನ್ನು ಕೊಟ್ಟ ಮೇಲೆ ಉಳಿದುದರಲ್ಲಿ ಆ ತರುಣನು ಪರವೂರಿನಲ್ಲಿ ಬಾಡಿಗೆ ಕೊಟ್ಟು ಊಟ ಮಾಡಿಯಾನೇ ಎಂದು ಯೋಚಿಸಿರಿ. ಆಗದೆಂದು ತೋರಿದರೆ, ವಿದ್ಯೆಯನ್ನು ಬಿಡಬೇಕಾದುದಿಲ್ಲ. ಕಡಿಮೆ ವೆಚ್ಚದ ಕಾಲೇಜನ್ನು ಹುಡುಕಬೇಕು. ಸರಕಾರಿ ಕಾಲೇಜಿನಲ್ಲಿ ಓದಿ ಮುಂದೆ ಬಂದವರ ಸಂಖ್ಯೆಯು ನಮ್ಮ ನಾಡಿನಲ್ಲಿ ಅಲ್ಪವಲ್ಲ.

ಕಡೆಯದಾಗಿ ಒಂದು ಮಾತು. ಈ ಸಂಗತಿಗಳನ್ನು ತಿಳಿದವರು ತಮ್ಮ ಮನೆಯ ಕೆಲಸವಾದೊಡನೆ ಸುಮ್ಮನಾಗಬಾರದು. ನೆರೆಮನೆಯ ಹುಡುಗಿಯ ಅರ್ಜಿಯನ್ನು ತುಂಬಿಸಿಕೊಡುವುದಕ್ಕೆ ಹಣವು ಬೇಡ, ಅರ್ಧ ಘಂಟೆಯ ಬಿಡುವು ಸಾಕು. ಸಾಲೋಟಗಿಯವರು ಮದುವೆಯ ಮನೆಯಲ್ಲಿಯೂ ಪರರ ಮಕ್ಕಳ ವಿದ್ಯೆಯನ್ನು ನೆನೆಯುತ್ತಿದ್ದರು. ಸಹಾಯವನ್ನು ಪಡೆದು ಓದಿದ ಮಕ್ಕಳೂ, ಸಂಪಾದಿಸತೊಡಗಿದ ಮೇಲೆ, ಇನ್ನೊಬ್ಬ ವಿದ್ಯಾರ್ಥಿಯ ಒಂದು ವರ್ಷದ ಪುಸ್ತಕಗಳನ್ನಾದರೂ ಕೊಡಿಸಿದರೆ ಆ ಹಳೆಯ ಕಟ್ಟುಪಾಡು ನಮ್ಮ ಕಾಲದಲ್ಲಿಯೂ ಉಳಿದಂತಾಗುವುದು.