ಸಾವನದುರ್ಗಕ್ಕೆ ಕೊನೆಯ 12 ಕಿಲೋಮೀಟರು

ಏಷ್ಯಾಖಂಡದ ಬೃಹತ್ತಾದ ಏಕಶಿಲಾಪರ್ವತಗಳಲ್ಲೊಂದೆಂದು ಹೆಸರುಗೊಂಡು, ಸಮುದ್ರಮಟ್ಟದಿಂದ 1,226 ಮೀಟರು ಎತ್ತರಕ್ಕೆ ಕರಿಗುಡ್ಡ ಬಿಳಿಗುಡ್ಡಗಳನ್ನು ಎತ್ತಿ ನಿಂತಿರುವ ಸಾವನದುರ್ಗವು, ಒಂದು ಕಾಲದಲ್ಲಿ ದುರ್ಗಮವಾಗಿದ್ದುದರಿಂದಲೇ ಅರಸರಿಗೆ ಪ್ರಿಯವಾಗಿದ್ದಿತು. 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಬೆಂಗಳೂರನ್ನು ಬಿಟ್ಟುಕೊಟ್ಟು ಮಾಗಡಿಯಲ್ಲಿ ನೆಲೆಸಿದ ಕೆಂಪೇಗೌಡನ ವಂಶದವರು 1728ರವರೆಗೂ ಇದರ ಆಶ್ರಯದಲ್ಲಿ ಆಳಿದರು. 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೇನೆಯು ಕಾಡನ್ನು ಕಡಿದು, ದಾರಿ ಮಾಡಿ, ಫಿರಂಗಿಗಳನ್ನು ಎಳೆತಂದ ಮೇಲೆಯೇ ಕೋಟೆ ಬಿದ್ದಿತು.

ಇಂದು ಕಾರು ಬೈಕುಗಳುಳ್ಳವರಿಗೆ ಈ ಬೆಟ್ಟ ಸುಗಮವಾಗಿದೆ. ಅವು ಇಲ್ಲದವರಿಗೆ ಮಾತ್ರ ಹಳೆಯ ದುರ್ಗಮತೆಯ ಒಂದಂಶ ಇನ್ನೂ ಉಳಿದಿದೆ. ಬೆಂಗಳೂರಿನಿಂದ ತಾವರೆಕೆರೆಯ ಮಾರ್ಗವಾಗಿ ಮಾಗಡಿಗೆ ಬರುವುದು ಪ್ರಯಾಸವಲ್ಲ. ಪ್ರಯಾಸ ತೊಡಗುವುದು ಮಾಗಡಿಯ ನಿಲ್ದಾಣದಲ್ಲಿ. ಮಕ್ಕಳೊಡನೆ ಇಳಿದ ಕುಟುಂಬವೊಂದು ಟಿ.ಸಿ.ಯ ಕಿಟಕಿಯಲ್ಲಿ ಇಣುಕಿ, “ದುರ್ಗದ ಬಸ್ಸು ಎಷ್ಟು ಗಂಟೆಗೆ ಸಾರ್?” ಎಂದು ಕೇಳಿ, ಉತ್ತರದಲ್ಲಿ ಬಂದ ಗಂಟೆಗೂ ನೆತ್ತಿಗೇರುವ ಬಿಸಿಲಿಗೂ ಲೆಕ್ಕ ಹಾಕಿ, ಕಡೆಗೆ ಆಟೋದವನೊಡನೆ ಬಾಡಿಗೆಯ ಚೌಕಾಸಿಗೆ ನಿಲ್ಲುವುದು ಅಲ್ಲಿ ಅಪರೂಪದ ನೋಟವಲ್ಲ. ಬೆಟ್ಟದ ಬುಡಕ್ಕೆ ಉಳಿದಿರುವುದು ಸುಮಾರು 12 ಕಿಲೋಮೀಟರು ಮಾತ್ರ.

ಸಾರಿಗೆಯ ಯೋಜನೆಯೆಂದರೆ ಬಸ್ಸುಗಳ ಸಂಖ್ಯೆಯನ್ನು ಹೆಚ್ಚಿಸುವುದಷ್ಟೇ ಅಲ್ಲ. ಬೆಟ್ಟದ ಸ್ವಭಾವವನ್ನರಿತು ವೇಳೆಯನ್ನು ಗೊತ್ತುಪಡಿಸುವುದೇ ಅದರಲ್ಲಿ ಮುಖ್ಯವಾದದ್ದು. ನೆರಳಿಲ್ಲದ ಬಂಡೆಯು ಮಧ್ಯಾಹ್ನಕ್ಕೆ ಕಾಯ್ದು ಕಾಲಿಡಲಾಗದಂತಾಗುತ್ತದೆ. ಮಳೆ ಬಿದ್ದೊಡನೆ ಜಾರುತ್ತದೆ. ತುದಿಯ ನಂದಿಮಂಟಪವನ್ನು ಮುಟ್ಟಿ ಬರಬೇಕೆಂಬುವನು ಬೆಳಗಿನ ತಂಪಿನಲ್ಲಿಯೇ ಹತ್ತತೊಡಗಬೇಕು. ಆದುದರಿಂದ ರಜಾದಿನಗಳಲ್ಲಿ ಬೆಂಗಳೂರಿನಿಂದ ನಸುಕಿನಲ್ಲಿ ಹೊರಡುವ ಬಸ್ಸೊಂದು, ಅದು ಮಾಗಡಿಗೆ ಬಂದು ಮುಟ್ಟುವವರೆಗೆ ಕಾದಿದ್ದು ದುರ್ಗಕ್ಕೆ ಹೊರಡುವ ಮತ್ತೊಂದು, ಇವೆರಡರ ಹೊಂದಾಣಿಕೆಯು ಹತ್ತು ಬಿಡಿ ಟ್ರಿಪ್ಪುಗಳಿಗಿಂತ ಹೆಚ್ಚು ಪ್ರಯೋಜನಕಾರಿಯಾದೀತು.

ಬುಡದಲ್ಲಿ ವಾಹನಗಳ ನಿಲುಗಡೆಗಾಗಿ ಜಾಗವನ್ನು ವಿಸ್ತರಿಸುತ್ತಲೇ ಹೋಗಬೇಕೆಂಬ ವಾದವನ್ನು ನಾನು ಒಪ್ಪಲಾರೆ. ಸುತ್ತಲೂ ಅರಣ್ಯವಿದೆ, ವೀರಭದ್ರಸ್ವಾಮಿಯ, ನರಸಿಂಹಸ್ವಾಮಿಯ ದೇವಾಲಯಗಳಿವೆ. ಬಂಡೀಪುರದ ಹಿಮವದ್ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ವಾಹನಗಳನ್ನು ತಪ್ಪಲಿನಲ್ಲಿಯೇ ತಡೆದು ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಜನರನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಆಷಾಢ ಶುಕ್ರವಾರಗಳಂದು ಚಾಮುಂಡಿಬೆಟ್ಟಕ್ಕೂ ಇಂಥದೇ ಏರ್ಪಾಡು. ಜನ ಗೊಣಗಿರಬಹುದು, ದರ್ಶನವನ್ನೇನೂ ಬಿಟ್ಟಿಲ್ಲ. ಜನಸಂದಣಿಯ ದಿನಗಳಲ್ಲಿ ಕಾರುಗಳನ್ನು ಮಾಗಡಿಯಲ್ಲಿಯೇ ನಿಲ್ಲಿಸಿ ಬಸ್ಸಿನಲ್ಲಿ ಹೋಗುವ ಕ್ರಮ ಇಲ್ಲಿಯೂ ಸಾಧ್ಯ. ಮಾಗಡಿಯ ತಿರುಮಲೆಯ ರಂಗನಾಥಸ್ವಾಮಿಯ ದೇವಾಲಯಕ್ಕೂ ಪೇಟೆಯ ಹೋಟೆಲುಗಳಿಗೂ ಅದರಿಂದ ಜನ ಬಂದಾರು.

ಇಂಥ ಬಸ್ಸು ಸಾಮಾನ್ಯ ಬಸ್ಸೇ ಆಗಿರಬೇಕೆಂಬುದನ್ನು ಒತ್ತಿ ಹೇಳಬೇಕಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ನಾಡಿನ ಹೆಣ್ಣುಮಕ್ಕಳು ಸಾಮಾನ್ಯ ಬಸ್ಸುಗಳಲ್ಲಿ ಶುಲ್ಕವಿಲ್ಲದೆ ಪ್ರಯಾಣಿಸುತ್ತಿದ್ದಾರೆ. ಪ್ರವಾಸದ ಪ್ಯಾಕೇಜೆಂಬ ಹೆಸರಿನಲ್ಲಿ ಐಷಾರಾಮಿ ಬಸ್ಸನ್ನೋಡಿಸಿದರೆ, ವೀರಭದ್ರನಿಗೆ ಹರಕೆ ಹೊತ್ತ ಹಳ್ಳಿಯ ತಾಯಿಗೆ ಆ ಬಾಗಿಲು ಮುಚ್ಚಿದಂತೆಯೇ. ಅಂತೆಯೇ ಶಾಲೆಯ ಮಕ್ಕಳೂ ಸಂತೆಗೆ ಹೋಗುವವರೂ ನೆಚ್ಚಿಕೊಂಡ ಹಳ್ಳಿಯ ಷೆಡ್ಯೂಲನ್ನು ಕಿತ್ತು ಪ್ರವಾಸಿಗರಿಗೆ ಕೊಡತಕ್ಕದ್ದಲ್ಲ.

2024ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ ನಮ್ಮ ಮೆಟ್ರೋದ ಮೂರನೆಯ ಹಂತದಲ್ಲಿ, ಹೊಸಹಳ್ಳಿಯಿಂದ ಮಾಗಡಿ ರಸ್ತೆಯುದ್ದಕ್ಕೂ ಕಡಬಗೆರೆಯವರೆಗೆ 12.50 ಕಿಲೋಮೀಟರಿನ ಮಾರ್ಗವೊಂದಿದೆ. ಅದು ಸಿದ್ಧವಾದಾಗ ಮಾಗಡಿಯ ಬಸ್ಸುಗಳು ನಗರದ ದಟ್ಟಣೆಯೊಳಕ್ಕೆ ನುಗ್ಗಬೇಕಾದ ಅಗತ್ಯ ತಗ್ಗಿ, ಉಳಿದ ವೇಳೆಯಲ್ಲಿ ಹೆಚ್ಚು ಸುತ್ತುಗಳನ್ನು ಹಾಕಬಹುದು. ಕಡಬಗೆರೆಯ ನಿಲ್ದಾಣದ ನಕ್ಷೆಯಲ್ಲಿ ಈ ಬಸ್ಸುಗಳಿಗೆ ಈಗಲೇ ಜಾಗ ಗುರುತಿಸಬೇಕು.

ಅಷ್ಟು ಕಾಲ ಕಾಯದೆ ಮಾಡಬಹುದಾದ ಕೆಲಸವೂ ಒಂದುಂಟು. ಬೆಟ್ಟವಿಳಿದು ಬಂದವನಿಗೆ ಬೇಕಾದುದು ಹಿಂದಿರುಗುವ ಬಸ್ಸಿನ ಭರವಸೆ. ಅದಿಲ್ಲವೆಂಬ ಭಯದಿಂದಲೇ ಅನೇಕರು ಮೊದಲೇ ಬಾಡಿಗೆಯ ಕಾರು ಹಿಡಿಯುತ್ತಾರೆ. ಹತ್ತುವ ದಾರಿ ತೊಡಗುವ ಸ್ಥಳದಲ್ಲಿ, ಕೊನೆಯ ಬಸ್ಸಿನ ಗಂಟೆಯನ್ನು ಬರೆದ ಬೋರ್ಡೊಂದನ್ನು ಕನ್ನಡದ ದೊಡ್ಡ ಅಕ್ಷರಗಳಲ್ಲಿ ನಿಲ್ಲಿಸಿ, ಆ ಗಂಟೆಗೆ ಮುನ್ನ ಬಸ್ಸು ಹೊರಡದಂತೆ ಡಿಪೋದವರು ನೋಡಿಕೊಳ್ಳಲಿ.