ಮನಸ್ಸು ಬರುವ ಮೊದಲೇ ಹೊರಡಿ

ಒತ್ತಡ ಬೇರೆ, ಖಿನ್ನತೆ ಬೇರೆ. ಹೊರಗಿನ ಭಾರ ಇಳಿದರೆ ಒತ್ತಡ ಸಾಮಾನ್ಯವಾಗಿ ಇಳಿಯುತ್ತದೆ. ಎರಡು ವಾರವಾದರೂ ಮಂಕು ಬಿಡದೆ, ಇಷ್ಟವಾಗುತ್ತಿದ್ದದ್ದೂ ಬೇಡವಾಗಿ, ನಿದ್ದೆ ಊಟ ಏರುಪೇರಾಗಿ ದಿನದ ಕೆಲಸವೇ ಸಾಗದಿದ್ದರೆ ಖಿನ್ನತೆಯ ಗುಮಾನಿ ಬರಬೇಕು. ವ್ಯಾಖ್ಯಾನ ಇಷ್ಟು ಸಾಕು.

ಎಡವುವುದು ಮುಂದೆ, ಪರಿಹಾರ ಹೇಳುವಾಗ. ‘ಜನರ ಜೊತೆ ಬೆರೆಯಪ್ಪ’ ಎಂದರೆ ಬೆಂಗಳೂರಿನ ಟಿ. ದಾಸರಹಳ್ಳಿಯ ಹುಡುಗ ನಗುತ್ತಾನೆ. ಇಲ್ಲಿ ಜನಕ್ಕೇನು ಬರವೇ? ಮೆಟ್ರೊದಲ್ಲಿ ಕಾಲಿಡಲು ಜಾಗವಿಲ್ಲ, ರೂಮಿನಲ್ಲಿ ನಾಲ್ವರು. ನಿಜ, ಆದರೆ ಆ ನಾಲ್ವರದು ಬೇರೆ ಬೇರೆ ಶಿಫ್ಟು; ಒಬ್ಬ ಎದ್ದಾಗ ಇನ್ನೊಬ್ಬ ಮಲಗಿರುತ್ತಾನೆ. ಐಟಿಐ ಮುಗಿಸಿ ಗದಗದಿಂದಲೋ ರಾಯಚೂರಿನಿಂದಲೋ ಪೀಣ್ಯಕ್ಕೆ ಬಂದವನು ಒಂದು ದಿನ ಕಾಣದಿದ್ದರೆ ವಿಚಾರಿಸುವುದು ಸೂಪರ್‌ವೈಸರ್ ಮಾತ್ರ, ಅದೂ ಸಂಬಳ ಹಿಡಿಯಲು. ಗಾರ್ಮೆಂಟ್ಸ್ ಸೇರಿದ ಹುಡುಗಿಯ ಪಾಡೂ ಅದೇ.

‘ಮೂಡ್ ಸರಿಹೋದ ಮೇಲೆ ಬರ್ತೀನಿ ಸಾರ್.’ ಆಟಕ್ಕೋ ಸಂಘಕ್ಕೋ ಕರೆದಾಗ ಬಹಳ ಕೇಳಿಬರುವ ಉತ್ತರ ಇದು, ದೊಡ್ಡ ತಪ್ಪು ತಿಳಿವಳಿಕೆಯೂ ಇದೇ. ಬೇಸರ ಎಂದು ಒಬ್ಬ ಸಂಜೆಯ ಕಬಡ್ಡಿ ಬಿಡುತ್ತಾನೆ. ಬಿಟ್ಟ ಕೂಡಲೇ ಹಾಯೆನಿಸುತ್ತದೆ. ನಾಳೆಯೂ ಬಿಡಲು ಆ ನಿರಾಳವೇ ಲಂಚ. ಆಟದ ಜೊತೆಗೆ ಮೈಯ ಸುಸ್ತು, ಗೆಳೆಯರ ಬೈಗುಳ, ನಗು, ಬೈಟು ಟೀ ಎಲ್ಲವೂ ಹೋದವು. ಖುಷಿ ಹುಟ್ಟುವ ಸಂದರ್ಭಗಳೇ ಇಲ್ಲವಾದ ಮೇಲೆ ಮೂಡ್ ಎಲ್ಲಿಂದ ಬರಬೇಕು? ಬೇಸರ ಇನ್ನಷ್ಟು ಹೆಚ್ಚಿ, ಆಮೇಲಾಮೇಲೆ ಆತ ಫೋನೂ ಎತ್ತುವುದಿಲ್ಲ.

ಅಮೆರಿಕದ ಮನೋವಿಜ್ಞಾನಿ ಪೀಟರ್ ಲೂವಿನ್‌ಸನ್ 1970ರ ದಶಕದಲ್ಲೇ ಇಂಥ ಸುಳಿಯನ್ನು ವಿವರಿಸಿದ್ದರು. ಹೊರಬರುವ ದಾರಿ ತಿರುಗುಮುರುಗು: ಮೊದಲು ಚಟುವಟಿಕೆ, ಮನಸ್ಸು ಅದರ ಹಿಂದೆ. 1996ರಲ್ಲಿ ಮನೋವಿಜ್ಞಾನಿ ನೀಲ್ ಜೇಕಬ್‌ಸನ್ ತಂಡ ಇದನ್ನು ಪರೀಕ್ಷಿಸಿದಾಗ, ಯೋಚನೆಯ ಧಾಟಿ ತಿದ್ದುವ ಕಾಗ್ನಿಟಿವ್ ಥೆರಪಿಯ ಚಟುವಟಿಕೆಯ ಭಾಗವೊಂದೇ ಪೂರ್ತಿ ಚಿಕಿತ್ಸೆಯಷ್ಟು ಫಲ ಕೊಟ್ಟಿತ್ತು. ನಮಗೆ ಇನ್ನೂ ಹತ್ತಿರದ ಸಾಕ್ಷಿ ಗೋವಾದ್ದು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯರೇ ಈ ವಿಧಾನದಿಂದ ತೀವ್ರ ಖಿನ್ನತೆಯವರಿಗೂ ನೆರವಾದರು. ವರದಿ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅಚ್ಚಾಯಿತು. ವೈದ್ಯರಲ್ಲದವರು! ನನ್ನ ಉತ್ಸಾಹಕ್ಕೆ ಕಾರಣ ಅದೇ.

ಸಂಘ, ತಂಡಗಳ ಬೆಲೆ ಇಲ್ಲಿದೆ. ಹೊರಡಲು ಮನಸ್ಸಿಲ್ಲದವನನ್ನು ಹೊರಡಿಸುವುದು ಉಪದೇಶವಲ್ಲ, ಅವನ ಪಾಲಿನ ಕೆಲಸ. ರಾಜ್ಯೋತ್ಸವದಲ್ಲಿ ಶಾಲು ಹೊದ್ದು ಫೋಟೊಗೆ ನಿಂತವನಿಗಿಂತ ಕುರ್ಚಿ ಜೋಡಿಸಿದವನಿಗೆ, ಚಂದಾ ಲೆಕ್ಕ ಬರೆದವನಿಗೆ ಹೆಚ್ಚು ದಕ್ಕುತ್ತದೆ. ಅವನು ಬರದಿದ್ದರೆ ಕೆಲಸ ನಿಲ್ಲುತ್ತದೆ, ಯಾರಾದರೂ ಬಾಗಿಲು ತಟ್ಟುತ್ತಾರೆ. ಉತ್ಸವ ಎರಡು ಮೂರು ದಿನಕ್ಕೆ ಮುಗಿಯುತ್ತದೆ. ಆದ್ದರಿಂದ ವಾರವಾರವೂ ಅದೇ ಮುಖಗಳು ಸೇರುವ ಕೆರೆ ಸ್ವಚ್ಛತೆ, ಮಕ್ಕಳಿಗೆ ಪಾಠ, ಭಜನೆ, ಕ್ರಿಕೆಟ್ ಮೇಲು. ಎಲ್ಲ ಗುಂಪೂ ಒಳ್ಳೆಯದೆನ್ನಲಾರೆ. ಕುಡಿತಕ್ಕೇ ಸೇರುವ, ಚಂದಾಕ್ಕೆ ಪೀಡಿಸುವ, ಯಾವುದೋ ನಾಯಕನಿಗೆ ಜೈಕಾರ ಹಾಕಲಷ್ಟೇ ಕರೆಯುವ ಗುಂಪು ಭಾರವನ್ನು ಹೆಚ್ಚಿಸುತ್ತದೆ.

ವೈದ್ಯರಲ್ಲದವರಿಂದ ನೆರವು ಕೊಡಿಸುವುದು ಸರ್ಕಾರಕ್ಕೂ ಹೊಸದಲ್ಲ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ನಡೆಸಿದ ‘ಯುವ ಸ್ಪಂದನ’ ಕಾರ್ಯಕ್ರಮದಲ್ಲಿ ಸ್ಥಳೀಯ ಯುವಜನರಿಗೇ ತರಬೇತಿ ಕೊಟ್ಟು ‘ಯುವ ಪರಿವರ್ತಕ’ರನ್ನಾಗಿ ಮಾಡಲಾಯಿತು. ಅಗತ್ಯ ದೊಡ್ಡದು: 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಮನೋರೋಗಗಳಿರುವ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

ಸಂಘ ಔಷಧಿಗೆ ಬದಲಿಯಲ್ಲ. ಸಾಯುವ ಯೋಚನೆ ಬಂದವರು ತಡಮಾಡದೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಬೇಕು. ಉಚಿತ, ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.

ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಓದುತ್ತಿರುವವರಲ್ಲಿ ಒಂದು ಕೋರಿಕೆ. ವಾರದ ರಜೆಯೇ ಬದಲಾಗುತ್ತಿರುವ ಶಿಫ್ಟ್ ಕೆಲಸಗಾರನಿಗೆ ಎಂಥ ತಂಡ ಒಗ್ಗುತ್ತದೆ? ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರುವವನಿಗೆ ಸಂಜೆಯ ಸಂಘದಿಂದ ಏನುಪಯೋಗ? ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ದಾಸರಹಳ್ಳಿಗೆ ಬಂದು ಇದನ್ನೇ ಎತ್ತಿಕೊಳ್ಳಿ.